ನಾನು ಉಜ್ಜಿ ತೆಗೆದ ನಡುಕ

ಒಂದೇ ಸ್ವರದ ಎರಡು ರೀಡುಗಳು ಒಂದಕ್ಕೊಂದು ಪೂರ್ತಿ ಸೇರಬಾರದು ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಹಾರ್ಮೋನಿಯಂ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಹೊಸೂರು ತಾಲ್ಲೂಕಿನಲ್ಲಿ ಹುಟ್ಟಿಲ್ಲ ಎಂದೇ ಆಗ ತಿಳಿದಿದ್ದೆ.

ನಾನು ಓದಿದ್ದು ಐದನೇ ಕ್ಲಾಸು. ಆರನೆಯದಕ್ಕೆ ಹೋಗಿ ಎರಡು ತಿಂಗಳು ಕೂತು ಬಿಟ್ಟೆ. ನಮ್ಮಪ್ಪನಿಗೆ ಮೂವರು ಗಂಡುಮಕ್ಕಳು, ಇದ್ದ ರಾಗಿ ಹೊಲಕ್ಕೆ ಇಬ್ಬರೇ ಹೆಚ್ಚು. ಮೂರನೆಯವನಾದ ನನ್ನನ್ನು ಕೃಷ್ಣಗಿರಿಯಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿಗೆ ಸೇರಿಸಿದ. ಅಲ್ಲಿ ಮರಗೆಲಸ ಕಲಿತೆ. ಮೀಸೆ ಬಂದ ಮೇಲೆ ಶೆಡ್ಡಿನ ಎದುರಿಗಿದ್ದ ಒಬ್ಬ ಸಾಹೇಬರ ಹತ್ತಿರ ಹಾರ್ಮೋನಿಯಂ ರಿಪೇರಿ ಕಲಿತೆ. ಹಾರ್ಮೋನಿಯಂ ಒಳಗೆ ಹಿತ್ತಾಳೆಯ ಸಣ್ಣ ಸಣ್ಣ ನಾಲಿಗೆಗಳಿರುತ್ತವೆ, ಅವೇ ರೀಡು. ತಿದಿಯ ಗಾಳಿ ಹಾದಾಗ ಅವು ಅದುರಿ ಸ್ವರ ಬರುತ್ತದೆ. ನಾಲಿಗೆಯ ಬುಡದಲ್ಲಿ ಅರದಿಂದ ಕೆರೆದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಕೆರೆದರೆ ಏರುತ್ತದೆ. ಇಷ್ಟೇ ವಿದ್ಯೆ. ಆದರೆ ಒಂದು ಕೂದಲೆಳೆ ಹೆಚ್ಚು ಕೆರೆದರೂ ಕೆಟ್ಟಿತು. ನನ್ನ ಕೈಯಲ್ಲಿ ಶ್ರುತಿಯಾಗಿ ಹೋದ ಪೆಟ್ಟಿಗೆ ಮತ್ತೆ ವಾಪಸು ಬಂದದ್ದಿಲ್ಲ. ಭಜನೆಯವರು, ನಾಟಕದವರು ಧರ್ಮಪುರಿ ಕಡೆಯಿಂದಲೂ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಓದಿದವರು ನನ್ನೆದುರು ಕೈಕಟ್ಟಿ ನಿಂತು, “ಯಾವಾಗ ಬರಲಿ?” ಎಂದು ಕೇಳುವಾಗ ನನಗೆ ಆಗುತ್ತಿದ್ದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಇಲ್ಲಿ ನನ್ನ ಹೆಂಡತಿಯ ವಿಷಯ ಹೇಳಬೇಕು. ಅದು ಇಲ್ಲದೆ ಮಿಕ್ಕಿದ್ದು ಗೊತ್ತಾಗುವುದಿಲ್ಲ.

ಅವಳ ಎಡಗಾಲು ಬಲಗಾಲಿಗಿಂತ ಮುಕ್ಕಾಲು ಇಂಚು ಗಿಡ್ಡ. ಅಳೆದು ಹೇಳುತ್ತಿದ್ದೇನೆ, ಅಂದಾಜಿನಲ್ಲಿ ಅಲ್ಲ. ಹೆಣ್ಣು ನೋಡಲು ಹೋದ ದಿನ ನಮ್ಮ ಅತ್ತಿಗೆ ಸೆರಗಿನ ಮರೆಯಲ್ಲಿ, “ಕಾಲೆಳೀತಾಳಲ್ಲ, ಬ್ಯಾಡ ಬುಡಿ” ಎಂದಳು. ನಾನು ಎಲ್ಲರಿಗೂ ಕೇಳುವಂತೆ, “ಇವ್ಳೇ ಆಗ್ಲಿ” ಎಂದೆ. ಅದು ಮೆಚ್ಚಿ ಹೇಳಿದ ಮಾತೋ, ಅತ್ತಿಗೆಯ ಮೇಲಿನ ಹಠವೋ ಈಗ ನೆನಪಿಲ್ಲ. ಮದುವೆಯಾದ ತಿಂಗಳೊಳಗೆ ಅವಳಿಗೆ ಒಂದು ಜೊತೆ ಚಪ್ಪಲಿ ತಂದೆ. ಎಡಗಾಲಿನದಕ್ಕೆ ಮುಕ್ಕಾಲು ಇಂಚಿನ ಹಗುರ ಮರದ ಅಟ್ಟೆ ಕೂಡಿಸಿ, ಜಾರದಿರಲೆಂದು ತಳದಲ್ಲಿ ಉಳಿಯಿಂದ ಅಡ್ಡಗೆರೆ ಕೊರೆದೆ. ಅವಳು ಹಾಕಿಕೊಂಡು ಅಂಗಳದಲ್ಲಿ ನಡೆದಳು. ದಾರ ಹಿಡಿದಂತೆ ನೇರ ನಡೆದಳು.

“ಈಗ ಯಾವ ನನ್ಮಗ ಏನಂತಾನೆ ನೋಡಾನ” ಎಂದೆ.

“ಚೆನ್ನಾಗೈತೆ” ಎಂದಳು.

ಮನೆಯೊಳಗೆ ಮಾತ್ರ ಬರಿಗಾಲು. ಸಗಣಿ ಸಾರಿಸಿದ ನೆಲದ ಮೇಲೆ ಒಂದು ಉದ್ದ, ಒಂದು ಗಿಡ್ಡ. ಧಪ್ಪ-ಟ, ಧಪ್ಪ-ಟ. ನಾನು ಕಣ್ಣು ಮುಚ್ಚಿ ಮಲಗಿದ್ದರೂ ಅವಳು ಒಲೆಯ ಹತ್ತಿರ ಇದ್ದಾಳೋ, ನೀರಿನ ಹಂಡೆಯ ಹತ್ತಿರ ಇದ್ದಾಳೋ ಗೊತ್ತಾಗುತ್ತಿತ್ತು. ನಾಲ್ಕು ವರ್ಷ ಆ ಸದ್ದು ಇತ್ತು. ಆಮೇಲೆ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಮಕ್ಕಳಾಗಿರಲಿಲ್ಲ. ಅಣ್ಣಂದಿರು ಇನ್ನೊಂದು ಮದುವೆ ಮಾಡಿಕೋ ಎಂದರು. ಅತ್ತಿಗೆ, “ಈ ಸಲ ಕಾಲು ನೆಟ್ಗಿರೋಳ್ನ ನೋಡಾನ” ಎಂದಳು. ಅವತ್ತು ಊಟದ ಎಲೆ ಬಿಟ್ಟು ಎದ್ದವನು ಹಬ್ಬಕ್ಕೂ ಊರಿಗೆ ಹೋಗಲಿಲ್ಲ.

ನಾವಿದ್ದದ್ದು ಹೊಸೂರಿನ ಪಕ್ಕದ ಆಲಸನತ್ತಂನಲ್ಲಿ, ಅಲ್ಲಿ ಆಗ ಹೆಚ್ಚು ಮನೆಗಳಿರಲಿಲ್ಲ. ಮದುವೆಗೆ ಮುಂಚೆಯೇ ಲಾರಿ ಬಾಡಿ ಕೆಲಸಕ್ಕೆಂದು ಒಂದು ಶೆಡ್ಡು ಹಾಕಿ, ಹಿಂದೆ ಒಂದು ಕೋಣೆ ಕಟ್ಟಿಕೊಂಡಿದ್ದೆ. ಹಗಲು ಉಳಿ ಸುತ್ತಿಗೆ ಸದ್ದಿನಲ್ಲಿ ಹೋಗುತ್ತಿತ್ತು. ಸಂಜೆ ಕೆಲಸ ನಿಲ್ಲಿಸಿದರೆ ಕಿವಿಯಲ್ಲಿ ಏನೂ ಇರುತ್ತಿರಲಿಲ್ಲ. ಮುದ್ದೆಗೆ ಎಸರಿಡುವುದು, ತಿನ್ನುವುದು, ತಟ್ಟೆ ತೊಳೆಯುವುದು. ಯಾರಾದರೂ ಬಂದು ಮಾತಾಡಿಸಿದರೆ ನನ್ನ ಗಂಟಲೇ ನನಗೆ ಹೊಸದಾಗಿ ಕೇಳುತ್ತಿತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತು. ಜೂಜುವಾಡಿ ರಸ್ತೆಯಲ್ಲಿ ಒಂದರ ಹಿಂದೆ ಒಂದು ಫ್ಯಾಕ್ಟರಿ ಏಳುತ್ತಿದ್ದವು. ಒಂದು ಫ್ಯಾಕ್ಟರಿಗೆ ದೊಡ್ಡ ಮೆಷೀನು ಬಂತು. ಅದನ್ನು ಕೂಡಿಸಿಕೊಡಲು ಕೆನಡಾ ದೇಶದಿಂದ ಒಬ್ಬ ಫಿಟ್ಟರ್ ಬಂದ. ಎಂಟು ತಿಂಗಳ ಕೆಲಸ. ನನ್ನ ಶೆಡ್ಡಿನಿಂದ ಒಂದು ರಾಗಿ ಹೊಲ ದಾಟಿದರೆ ಅವನಿಗೆ ಹಿಡಿದುಕೊಟ್ಟ ಮನೆ. ಐವತ್ತರ ಆಸುಪಾಸು, ಹಲಗೆಯಂಥ ಅಂಗೈ, ಕೆಂಪು ಕುತ್ತಿಗೆ. ಜೊತೆಗೆ ಹೆಂಡತಿ ಮಕ್ಕಳು ಯಾರೂ ಇಲ್ಲ.

ಅವನು ಬಂದ ಎರಡನೇ ವಾರ ಒಂದು ಸಂಜೆ ಎಸರಿಡುತ್ತಿದ್ದೆ. ಹೊಲದ ಆಚೆಯಿಂದ ಒಂದು ಪೆಟ್ಟಿಗೆಯ ಸದ್ದು ಬಂತು. ಹಾರ್ಮೋನಿಯಂ ಅಲ್ಲ, ಆದರೆ ಅದೇ ಜಾತಿ. ಜೊತೆಗೆ ನೆಲಕ್ಕೆ ಬೂಟಿನಿಂದ ತಟ್ಟುವ ಸದ್ದು. ಒಂದು ಉದ್ದ, ಒಂದು ಗಿಡ್ಡ. ಧಪ್ಪ-ಟ, ಧಪ್ಪ-ಟ.

ನಾನು ಕೈಯಲ್ಲಿದ್ದ ಹಿಟ್ಟು ಹಾಗೇ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತೆ. ಎಸರು ಉಕ್ಕಿ ಒಲೆ ಆರಿತು.

ಆಮೇಲಿಂದ ಅದೇ ನನ್ನ ಗಡಿಯಾರ. ಫ್ಯಾಕ್ಟರಿಯ ಜೀಪು ಅವನನ್ನು ಇಳಿಸಿ ಹೋಗಿ ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಶುರುವಾಗುತ್ತಿತ್ತು. ಅವನ ಹತ್ತಿರ ಹತ್ತಾರು ಪದಗಳಿದ್ದವು. ಆದರೆ ಈ ಉದ್ದ-ಗಿಡ್ಡ ಹೆಜ್ಜೆಯದನ್ನು ದಿನವೂ ನುಡಿಸುತ್ತಿದ್ದ. ಅದು ಅವರ ಕಡೆ ಕುಣಿಯುವುದಕ್ಕೆ ಹಾಕುವ ಮಟ್ಟು, ಜಿಗ್ ಎನ್ನುತ್ತಾರಂತೆ. ಪ್ರತಿ ಸುತ್ತಿನ ಕೊನೆಯಲ್ಲಿ ಒಂದು ಎಣಿಕೆ ಹೆಚ್ಚಿಗೆ ಬೀಳುತ್ತಿತ್ತು, ಹೊಸಲು ದಾಟುವಾಗ ಕಾಲು ಒಂದು ಗಳಿಗೆ ತಡೆದಂತೆ. ಮೊದಲು ತಾಳ ತಪ್ಪುತ್ತಾನೆ ಎಂದುಕೊಂಡೆ. ಪ್ರತಿ ಸಲವೂ ಅಲ್ಲೇ ತಪ್ಪಿದರೆ ಅದು ತಪ್ಪಲ್ಲ ಎಂದು ಆಮೇಲೆ ಅರ್ಥವಾಯಿತು. ಕುಣಿಯುವ ಮಟ್ಟು ಅಂದೆನಲ್ಲ, ಅಲ್ಲಿ ಕುಣಿಯುವವರು ಯಾರೂ ಇರಲಿಲ್ಲ. ಖಾಲಿ ವರಾಂಡದಲ್ಲಿ ಅವನೊಬ್ಬ, ಹೊಲದ ಈಚೆ ನಾನೊಬ್ಬ. ಆರು ತಿಂಗಳು ಹೀಗೇ ನಡೆಯಿತು. ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ.

ಒಂದು ದಿನ ಫ್ಯಾಕ್ಟರಿ ಜೀಪಿನ ಡ್ರೈವರ್ ಶೆಡ್ಡಿಗೆ ಬಂದ. ಜೂಜುವಾಡಿಯವನು. ಗೇಟಿನವನ ಹತ್ತಿರ ತಮಿಳು, ಅಡುಗೆಯವನ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ, ಕೆನಡಾದವನ ಹತ್ತಿರ ಅವನೇ ಕಟ್ಟಿಕೊಂಡ ಒಂದು ಇಂಗ್ಲಿಷು. ಬಾಯಿ ಸುಮ್ಮನಿದ್ದ ಹೊತ್ತು ಇಲ್ಲ. ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ.

“ಅಣ್ಣೋ, ಒಳಗಿದ್ದೀಯಾ? ದೊರೆ ಪೆಟ್ಟಿಗೆ ಉಸ್ರೇ ಬುಡ್ತಿಲ್ಲ ನೋಡಣ್ಣೋ.”

“ಯಾವ ಪೆಟ್ಟಿಗೆಲಾ?”

“ಅದೇ ಕಣಣ್ಣೋ, ಸಾಯಂಕಾಲ ಕುಯ್ಯೋ ಅಂತದಲ್ಲ. ಬೆಂಗ್ಳೂರ್ಗೆ ತಗೊಂಡೋಗಾನ ಅಂದ. ನಾನೇ ನೋ ನೋ ಅಂದೆ. ನಮ್ಮೂರಾಗೆ ಒಬ್ಬವ್ನೆ, ಸತ್ತೋಗಿರೋ ಹಾರ್ಮೋನಿಯಂನೂ ಎಬ್ಬಿಸ್ತಾನೆ ಅಂದಿವ್ನಿ. ನನ್ ಮಾನ ನಿನ್ ಕೈಯಾಗೈತೆ.”

“ನಿಂಗ್ಯಾವ ಮಾನಾಲಾ, ಇಟ್ಟೋಗು.”

ಒಳಗೊಳಗೆ ನನಗೆ ಹಬ್ಬ. ಆರು ತಿಂಗಳು ದೂರದಿಂದ ಕೇಳಿದ್ದು ಈಗ ನನ್ನ ಮಣೆಯ ಮೇಲಿತ್ತು. ಎರಡು ಮರದ ತುಂಡುಗಳ ನಡುವೆ ತಿದಿ, ಬಲಗಡೆ ಹತ್ತು ಗುಂಡಿ. ತಿರುಪುಮೊಳೆ ಬಿಚ್ಚಿ ನೋಡಿದರೆ ರೋಗ ಸಣ್ಣದು. ಗಾಳಿ ಹೋಗುವ ತೂತಿನೊಳಗೆ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಆ ಮಣ್ಣು ಉದುರಿ ಮೂರು ರೀಡುಗಳ ಸಂದಿನಲ್ಲಿ ಕೂತಿತ್ತು. ಕೋಳಿಪುಕ್ಕದಿಂದ ಬಿಡಿಸಿ ತೆಗೆದೆ. ಅರ್ಧ ಗಂಟೆಯ ಕೆಲಸ.

ಅಲ್ಲಿಗೆ ಮುಚ್ಚಿ ಕೊಟ್ಟಿದ್ದರೆ ಇದನ್ನು ಹೇಳುವ ಪ್ರಮೇಯವೇ ಇರಲಿಲ್ಲ.

ಒಂದೊಂದೇ ಗುಂಡಿ ಒತ್ತಿ ನೋಡಿದೆ. ತಿದಿ ಎಳೆದರೆ ಒಂದು ಸ್ವರ, ಅದುಮಿದರೆ ಇನ್ನೊಂದು. ಇದೇನು ಗ್ರಹಚಾರ ಎನಿಸಿತು. ಹತ್ತೂ ಗುಂಡಿ ಹಾಗೇ ಇದ್ದುದರಿಂದ ಮಾಡಿದವನ ಇಷ್ಟವಿರಬೇಕು ಎಂದು ಬಿಟ್ಟೆ. ಆದರೆ ಇನ್ನೊಂದನ್ನು ಬಿಡಲಾಗಲಿಲ್ಲ. ಒಂದೊಂದು ಸ್ವರಕ್ಕೂ ಎರಡೆರಡು ರೀಡು, ಆ ಎರಡೂ ಒಂದೇ ಶ್ರುತಿಯಲ್ಲಿ ಇಲ್ಲ. ಒಂದು ಇನ್ನೊಂದಕ್ಕಿಂತ ತುಸು ಮೇಲೆ. ಎರಡೂ ಕೂಡಿ ನುಡಿದಾಗ ಸ್ವರ ನಡುಗುತ್ತಿತ್ತು, ಚಳಿಯಲ್ಲಿ ನಿಂತವನ ಮಾತಿನ ಹಾಗೆ. ನಮ್ಮ ಭಜನೆಯವರು ಇಂಥ ಪೆಟ್ಟಿಗೆ ಕೇಳಿದರೆ ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ಪಾಪ, ಈ ಮನುಷ್ಯ ಇಷ್ಟು ದಿನ ಕೆಟ್ಟ ಶ್ರುತಿಯಲ್ಲೇ ನುಡಿಸುತ್ತಿದ್ದಾನಲ್ಲ, ಇವನ ದೇಶದಲ್ಲಿ ಒಬ್ಬ ಸರಿಯಾದ ಕೆಲಸಗಾರ ಇಲ್ಲವೇ ಎಂದುಕೊಂಡೆ. ನಾನು ತೋರಿಸುತ್ತೇನೆ ಎಂದುಕೊಂಡೆ.

ಹತ್ತು ಗುಂಡಿ, ಇಪ್ಪತ್ತು ಸ್ವರ, ನಲವತ್ತು ರೀಡು. ಲಾರಿ ಕೆಲಸ ಪಕ್ಕಕ್ಕಿಟ್ಟು ಎರಡು ದಿನ ಕೂತೆ. ಅವನವು ಉಕ್ಕಿನ ರೀಡುಗಳು, ನಮ್ಮ ಹಿತ್ತಾಳೆಯಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೇಲಿದ್ದ ಪ್ರತಿ ರೀಡನ್ನೂ ಬುಡದಲ್ಲಿ ಕೆರೆದು ಕೆರೆದು ಜೊತೆಯದರ ಮಟ್ಟಕ್ಕೆ ಇಳಿಸಿದೆ. ಎರಡು ರೀಡು ಒಂದೇ ಆಗಿ ಕೇಳುವವರೆಗೆ ಬಿಡಲಿಲ್ಲ. ಮುಗಿದಾಗ ಆ ಪೆಟ್ಟಿಗೆಯ ಸ್ವರ ಸಾಣೆ ಹಿಡಿದ ಉಳಿಯಂತಿತ್ತು. ಅಷ್ಟು ಒಳ್ಳೆಯ ಕೆಲಸ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ.

ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಡ್ರೈವರೂ ಇದ್ದ. ಕೆನಡಾದವನು ಮೊಣಕಾಲಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು, ಕುರ್ಚಿಯ ಅಂಚಿಗೆ ಸರಿದು, ಎರಡೂ ಬೂಟು ಊರಿ ಅದೇ ಮಟ್ಟು ಎತ್ತಿದ. ಒಂದು ಸುತ್ತು ನುಡಿಸಿ ನಿಲ್ಲಿಸಿದ. ಪೆಟ್ಟಿಗೆಯನ್ನು ಮೇಲೆ ಕೆಳಗೆ ನೋಡಿದ. ಮತ್ತೆ ನಾಲ್ಕು ಸ್ವರ ನುಡಿಸಿದ. ಆಮೇಲೆ ತಿದಿ ಮುಚ್ಚಿ, ಬೆಲ್ಟಿನ ಕೊಂಡಿ ಹಾಕಿ, ನನ್ನ ಕೈ ಹಿಡಿದು ಕುಲುಕಿದ.

“ಗುಡ್. ವೆರಿ ಗುಡ್ ವರ್ಕ್” ಎಂದ.

ನಾನು ರಾಗಿ ಹೊಲದ ಬದುವಿನ ಮೇಲೆ ಎದೆ ಉಬ್ಬಿಸಿಕೊಂಡು ವಾಪಸು ಬಂದೆ.

ಅವತ್ತು ಸಂಜೆ ಪೆಟ್ಟಿಗೆ ಕೇಳಲಿಲ್ಲ. ದಣಿದಿರಬೇಕು ಎಂದುಕೊಂಡೆ. ಮಾರನೇ ದಿನವೂ ಇಲ್ಲ. ಜೀಪು ಬಂತು, ಹೋಯಿತು. ಹೊಲದ ಆಚೆ ಅವನು ವರಾಂಡದಲ್ಲಿ ಕೂತಿರುವುದು ಕಾಣುತ್ತಿತ್ತು, ಬರಿಗೈಯಲ್ಲಿ. ಹತ್ತು ದಿನ ಕಳೆಯಿತು. ನನಗೆ ಮುದ್ದೆ ರುಚಿಸಲಿಲ್ಲ. ಕೋಣೆಯೊಳಗೆ ಕೂತರೆ ಎದುರಿನ ಗೋಡೆ, ಅದರ ಮೇಲೆ ಅವಳ ಬಳೆ ನೇತುಹಾಕುತ್ತಿದ್ದ ಮೊಳೆ. ಅವಳು ಎರಡನೇ ಸಲ ಹೋದಳೇನೋ ಎನ್ನಿಸುತ್ತಿತ್ತು. ಇದನ್ನು ಆಗ ಯಾರಿಗೂ ಹೇಳಿಕೊಳ್ಳಲಿಲ್ಲ.

ಕೊನೆಗೆ ಟೀ ಅಂಗಡಿಯಲ್ಲಿ ಡ್ರೈವರನ್ನು ಹಿಡಿದು ನಿಲ್ಲಿಸಿದೆ.

“ಏನ್ಲಾ, ನಿಮ್ ದೊರೆ ಪೆಟ್ಟಿಗೆ ಮುಟ್ತಾನೇ ಇಲ್ಲ?”

ಅವನು ಟೀ ಲೋಟ ತಿರುಗಿಸುತ್ತ ನಿಂತ.

“ಬುಡಣ್ಣೋ. ಹೇಳ್ಬ್ಯಾಡ ಅಂದವ್ನೆ.”

“ಏನು ಹೇಳ್ಬ್ಯಾಡ ಅಂದವ್ನೆ?”

“ನೀನು ಬೈಯಂಗಿಲ್ಲ ಮತ್ತೆ. ಅದು ಅವ್ರಪ್ಪನ ಪೆಟ್ಟಿಗೆ ಅಂತೆ ಕಣಣ್ಣೋ. ಅದ್ರಾಗೆ ಒಂದು ನಡುಕ ಇತ್ತಂತಲ್ಲ, ಅದೇ ಅವ್ರಪ್ಪನ ಕೈ ಅಂತೆ. ಅವ್ರಪ್ಪನೇ ಕೂತ್ಕೊಂಡು ಹಂಗೆ ಮಾಡಿದ್ನಂತೆ. ಈಗ ಅದು ಹೋಗ್ಬುಟ್ಟದೆ. ‘ಆ ಮನ್ಸ ಎರಡು ದಿನ ಕಷ್ಟಬಿದ್ದವ್ನೆ, ಅವ್ನಿಗೆ ಹೇಳ್ಬ್ಯಾಡ, ನೊಂದ್ಕೋತಾನೆ’ ಅಂದ.”

ನನಗೆ ಮೈಯೆಲ್ಲ ಉರಿದುಹೋಯಿತು.

“ನಡುಗೋ ಪೆಟ್ಟಿಗೇನ ಸರಿ ಮಾಡಿದ್ದು ತಪ್ಪಾ? ಕಿವಿ ಇಲ್ವೇನ್ಲಾ ಅವ್ನಿಗೆ? ಕೆಲ್ಸ ಗೊತ್ತಿಲ್ದೋನು ನಾನಾ?”

“ನೋಡ್ದಾ, ಬೈತೀಯ. ಇದುಕ್ಕೇ ಹೇಳ್ದೆ ಇದ್ದಿದ್ದು. ಇನ್ನು ಆರು ವಾರಕ್ಕೆ ಹೋಗ್ಬುಡ್ತಾನೆ, ಬುಡಣ್ಣೋ ಅತ್ಲಾಗೆ.”

ನಾಲ್ಕು ದಿನ ಉರಿದುಕೊಂಡೇ ಇದ್ದೆ. ಕೆಟ್ಟಿದೆ ಎಂದು ಮುಖಕ್ಕೆ ಹೇಳಿದ್ದರೆ ಜಗಳವಾಡುತ್ತಿದ್ದೆ, ಅದು ನನಗೆ ಬರುವ ಕೆಲಸ. ನನ್ನ ಮನಸ್ಸು ನೋಯಬಾರದೆಂದು ಒಬ್ಬ ಸುಮ್ಮನಿದ್ದಾನೆ ಎನ್ನುವುದನ್ನು ಮಾತ್ರ ಏನು ಮಾಡಬೇಕೆಂದು ತಿಳಿಯಲಿಲ್ಲ. ಐದನೇ ದಿನ ಶೆಡ್ಡಿನಲ್ಲಿದ್ದ ನನ್ನದೇ ಹಳೆ ಹಾರ್ಮೋನಿಯಂ ತೆಗೆದು, ಬೇಕೆಂದೇ ಒಂದು ರೀಡಿನ ತುದಿ ಕೆರೆದು, ಜೊತೆಯದಕ್ಕಿಂತ ತುಸು ಮೇಲೇರಿಸಿದೆ. ಎರಡನ್ನೂ ಕೂಡಿಸಿ ತಿದಿ ಹಾಕಿದೆ. ಸ್ವರ ನಡುಗಿತು. ಕಣ್ಣು ಮುಚ್ಚಿದೆ. ಆರು ತಿಂಗಳು ಹೊಲ ದಾಟಿ ನನ್ನ ಕೋಣೆಗೆ ಬರುತ್ತಿದ್ದದ್ದು ಇದೇ. ಬೂಟಿನ ಸದ್ದು ಹೆಜ್ಜೆ, ಈ ನಡುಕವೇ ಹೆಜ್ಜೆ ಇಡುವ ಮೈ. ಇದನ್ನೇ ನಾನು ಎರಡು ದಿನ ಕೂತು ಒಪ್ಪವಾಗಿ ಉಜ್ಜಿ ತೆಗೆದಿದ್ದೆ.

ಆರು ವಾರದೊಳಗೆ ಅದನ್ನು ವಾಪಸು ಇಡಬೇಕಿತ್ತು. ಅದಕ್ಕೂ ಮುಂಚೆ ಒಂದು ಮಾತು ಹೇಳಬೇಕಿತ್ತು. ಆ ಮಾತನ್ನು ನಾನು ಹುಟ್ಟಿದಾರಭ್ಯ ಯಾರಿಗೂ ಹೇಳಿದವನಲ್ಲ.

ಭಾನುವಾರ ಮಧ್ಯಾಹ್ನ, ಡ್ರೈವರ್ ಇಲ್ಲದ ಹೊತ್ತು ನೋಡಿ, ಅರ ಮತ್ತು ಸಣ್ಣ ತಿರುಪುಳಿ ಜೇಬಿಗೆ ಹಾಕಿಕೊಂಡು ಹೋದೆ. ಕೆನಡಾದವನು ಬಟ್ಟೆ ಒಗೆದು ಹರವುತ್ತಿದ್ದ. ನಾನು ಅರ ತೆಗೆದು ತೋರಿಸಿ, ನನ್ನ ಎದೆ ಮುಟ್ಟಿಕೊಂಡು, “ಐ ಮಿಸ್ಟೇಕ್” ಎಂದೆ. ಇಂಗ್ಲಿಷಿನಲ್ಲಿ ಅಷ್ಟೇ ಸಾಧ್ಯವಾಯಿತು. ಕನ್ನಡದಲ್ಲಾಗಿದ್ದರೆ ಅಷ್ಟೂ ಬರುತ್ತಿರಲಿಲ್ಲವೇನೋ.

ಅವನು ಕೈಯಲ್ಲಿದ್ದ ಒದ್ದೆ ಅಂಗಿ ಹಿಡಿದುಕೊಂಡೇ ನನ್ನನ್ನು ನೋಡಿದ. ನಗಲಿಲ್ಲ. ಒಳಗೆ ಹೋಗಿ ಪೆಟ್ಟಿಗೆ ತಂದು ಮೆಟ್ಟಿಲ ಮೇಲೆ, ನಮ್ಮಿಬ್ಬರ ನಡುವೆ ಇಟ್ಟ.

ಇಂಗ್ಲಿಷು ಅವನಿಗೂ ದುಡಿಯಲು ಹೋದ ಮೇಲೆ ಕಲಿತ ಭಾಷೆ. ಅವನ ಮನೆಮಾತು ಫ್ರೆಂಚು. ಹಾಗಾಗಿ ಇಬ್ಬರ ಮಾತೂ ಕುಂಟುತ್ತಲೇ ನಡೆಯಿತು. ಬೆರಳೆಣಿಸಿ, “ಸ್ಕೂಲ್, ಸಿಕ್ಸ್” ಎಂದು ತನ್ನ ಎದೆ ತೋರಿಸಿದ. ನಾನು, “ಫೈವ್” ಎಂದೆ. ಆಗ ನಕ್ಕ. ನಾನೂ ನಕ್ಕೆ. ಅದಾದ ಮೇಲೆ ಕೆಲಸ ಹಗುರವಾಯಿತು.

ಇಳಿಸಿದ ರೀಡನ್ನು ಏರಿಸಬೇಕಾದರೆ ಈಗ ತುದಿ ಕೆರೆಯಬೇಕು. ಬುಡದಲ್ಲಿ ಆಗಲೇ ತೆಳುವಾಗಿದೆ, ತುದಿಯಲ್ಲೂ ತೆಳುವಾದರೆ ಮುರಿಯಬಹುದು. ಎಷ್ಟು ಏರಿಸಬೇಕು ಎನ್ನುವುದಕ್ಕೆ ಅಳತೆಗೋಲಿಲ್ಲ. ಅವನ ಅಪ್ಪ ಸತ್ತು ವರ್ಷಗಳಾಗಿದ್ದವು. ಅವನು ಗುಂಡಿ ಒತ್ತಿ ಕಣ್ಣು ಮುಚ್ಚುತ್ತಿದ್ದ. ಒಂದು ಅಂಗೈಯನ್ನು ಗಾಳಿಯಲ್ಲಿ ಹಿಡಿದು, ನಡುಕ ಎಷ್ಟು ಬೇಗ ಇರಬೇಕೋ ಅಷ್ಟು ಬೇಗ ಅಲುಗಿಸುತ್ತಿದ್ದ. ನಾನು ಒಂದು ಕೆರೆತ ಕೆರೆದು ಕೊಡುತ್ತಿದ್ದೆ. “ಮೋರ್.” ಇನ್ನೊಂದು ಕೆರೆತ. “ಮೋರ್.” ಇನ್ನೊಂದು. “ಸ್ಟಾಪ್, ಸ್ಟಾಪ್.” ಒಂದು ಮಧ್ಯಾಹ್ನಕ್ಕೆ ನಾಲ್ಕೈದು ಸ್ವರ. ಅವನ ಕೈ ನೋಡುತ್ತ ನೋಡುತ್ತ, ನಾನು ಕಾಣದ ಒಬ್ಬ ಮುದುಕನ ಕೈ ನನಗೂ ಪರಿಚಯವಾಗತೊಡಗಿತು.

ಮೂರನೇ ಭಾನುವಾರ ಎರಡು ರೀಡು ಮುರಿದವು. ಟಿಣ್ ಎಂದು ಒಂದು, ಅದರ ಬೆನ್ನಿಗೇ ಇನ್ನೊಂದು. ನಾನು ಅರ ಕೆಳಗಿಟ್ಟು ತಲೆ ಹಿಡಿದುಕೊಂಡೆ. ಅವನು ತುಂಡುಗಳನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿ, ಜೇಬಿಗೆ ಹಾಕಿಕೊಂಡ.

ಮಾರನೇ ದಿನವೇ ಬಸ್ಸು ಹತ್ತಿ ಕೃಷ್ಣಗಿರಿಗೆ ಹೋದೆ. ನನಗೆ ವಿದ್ಯೆ ಕಲಿಸಿದ ಸಾಹೇಬರಿಗೆ ಆಗ ಕಣ್ಣು ಮಂಜು. ಎಲ್ಲ ಹೇಳಿದೆ. ಅವರು ಗಡ್ಡ ನೀವಿಕೊಂಡರು.

“ಕೆರೆಯೋಕ್ ಮುಂಚೆ ಒಂದ್ ಮಾತು ಕೇಳ್ದೇನಪ್ಪ?”

“ಇಲ್ಲ.”

“ಯಾಕೆ?”

“ಕೆಟ್ಟೈತೆ ಅಂದ್ಕೊಂಡೆ.”

“ಹೂಂ” ಎಂದರು. ಡಬ್ಬಿಯೊಳಗೆ ಬೆರಳಾಡಿಸಿ ಎರಡು ರೀಡು ಹುಡುಕಿ ಕೊಟ್ಟರು. “ಶ್ರುತಿ ತಪ್ಪಿಸಿ ಬೇಸೂರು ಮಾಡೋಕೆ ರೀಡು ಕೇಳ್ಕೊಂಡ್ ಬಂದೋನು ನೀನೊಬ್ನೇ ಕಣಪ್ಪ. ತಗೋ. ಹಿತ್ತಾಳೆದು, ಉಕ್ಕಿನ ಮಧ್ಯೆ ಸ್ವಲ್ಪ ಮೆತ್ತಗೆ ಮಾತಾಡ್ತವೆ. ಮಾತಾಡ್ಲಿ ಬುಡು.”

ಕೂರಿಸಿದೆ. ಸಾಹೇಬರು ಹೇಳಿದಂತೆ ಆ ಎರಡು ಸ್ವರ ಮಾತ್ರ ಸ್ವಲ್ಪ ಮೆತ್ತಗೆ ಬಂದವು. ಅವನಪ್ಪ ಶ್ರುತಿ ಮಾಡಿಟ್ಟ ಪೆಟ್ಟಿಗೆಯೊಳಗೆ ಕೃಷ್ಣಗಿರಿಯ ಹಿತ್ತಾಳೆ ಸೇರಿಕೊಂಡಿತು. ಕೆನಡಾದವನು ಅವನ್ನು ಮತ್ತೆ ಮತ್ತೆ ಒತ್ತಿ ಕೇಳಿ, ತಲೆಯಾಡಿಸಿದ.

ಕೆಲಸದ ನಡುವೆ ಇನ್ನೊಂದು ವಸ್ತು ಮಾಡಿದೆ. ವರಾಂಡದ ಸಿಮೆಂಟಿಗೆ ಬೂಟು ತಟ್ಟಿದರೆ ಸದ್ದು ಸತ್ತು ಬರುತ್ತಿತ್ತು, ಮೊಣಕಾಲಿಗೂ ಪೆಟ್ಟು. ಲಾರಿ ಬಾಡಿಗೆ ತಂದು ಉಳಿದಿದ್ದ ಹಲಸಿನ ಹಲಗೆ ಇತ್ತು, ಎರಡೂವರೆ ಅಡಿ. ಕೆಳಗೆ ಎರಡು ಪಟ್ಟಿ ಹೊಡೆದು ನೆಲದಿಂದ ಬೆರಳಷ್ಟು ಎತ್ತರಿಸಿದೆ. ಅದರ ಮೇಲೆ ಕಾಲು ತಟ್ಟಿದರೆ ತಮಟೆಯಂತೆ ಮಾತಾಡುತ್ತಿತ್ತು. ಅದನ್ನು ಇಟ್ಟ ದಿನ ಅವನು ಬೂಟಿನ ಕೆಸರು ಒರೆಸಿ ಕಾಲಿಟ್ಟ.

ಅವನು ಹೊರಡುವ ಮುಂಚಿನ ಭಾನುವಾರ ಇಪ್ಪತ್ತನೇ ಸ್ವರ ಮುಗಿಯಿತು. ಅವತ್ತು ಡ್ರೈವರೂ ಬಂದಿದ್ದ. ಕೆನಡಾದವನು ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹಾಕಲು ಬಿಡಲಿಲ್ಲ. ಡ್ರೈವರಿಗೆ ಏನೋ ಉದ್ದಕ್ಕೆ ಹೇಳಿದ.

“ಅಣ್ಣೋ, ಕಿವಿಯಿಂದ ಗೊತ್ತಾಗಲ್ಲ ಅಂತವ್ನೆ.”

“ಮತ್ತೆ ಮೂಗಿಂದ ಗೊತ್ತಾದಾತಾ?”

“ಕಾಲಿಂದ ಅಂತೆ ಕಣಣ್ಣೋ! ಅವ್ರೂರಾಗೆ ವರ್ಸದಾಗೆ ಅರ್ಧ ಮಂಜು. ಅವ್ರಪ್ಪ ಅಡ್ಗೆ ಮನೆಯಾಗೆ ಕೂತು ಇದನ್ನ ಬಿಚ್ಚಿ ಸರಿ ಮಾಡ್ತಿದ್ನಂತೆ. ಅವ್ರಮ್ಮ ಆಲೂಗಡ್ಡೆ ಸುಲೀತಾ ಕೂತಿರ್ತಿದ್ಳಂತೆ. ನುಡಿಸ್ದಾಗ ಆವಮ್ಮ ತಾನಾಗೇ ಎದ್ದು ಎರಡೆಜ್ಜೆ ಹಾಕುದ್ರೆ ಪೆಟ್ಟಿಗೆ ಸರಿಯಾಯ್ತು ಅಂತ ಮೊಳೆ ಹಾಕದು. ಏಳ್ದಿದ್ರೆ ಮತ್ತೆ ಬಿಚ್ಚದು. ಈಗ ಆವಮ್ಮನೂ ಇಲ್ಲ. ಯಾರಾನಾ ಕುಣೀರಿ ಅಂತವ್ನೆ.”

“ನೀನೇ ಕುಣಿ.”

“ಕುಣೀತೀನಿ, ನಂಗೇನು ನಾಚ್ಕೆ? ಜೂಜುವಾಡಿ ಕೋಲಾಟದಾಗೆ ಮುಂದಾಳು ನಾನು.”

ಅಡುಗೆಯವನ ಎರಡು ಸೌಟು ತಂದು ಕುಣಿದ. ಬೊಜ್ಜು ಮೊದಲು ಕುಣಿಯಿತು, ಆಮೇಲೆ ಅವನು. ಕೆನಡಾದವನು ನುಡಿಸುತ್ತಲೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆದರೆ ಪ್ರತಿ ಸುತ್ತಿನ ಕೊನೆಯಲ್ಲಿ ಡ್ರೈವರ್ ಒಂದು ಎಣಿಕೆ ಮುಂಚೆ ಕಾಲಿಟ್ಟುಬಿಡುತ್ತಿದ್ದ. ಹೆಚ್ಚಿನ ಆ ಒಂದು ಎಣಿಕೆ ಅವನಿಗೆ ತಿಳಿಯಲಿಲ್ಲ.

“ಏನಣ್ಣೋ ಇದು, ಕಾಲಿಡೋ ತಾವು ನೆಲಾನೇ ಇರಲ್ಲ!” ಎಂದು ಏದುಸಿರು ಬಿಡುತ್ತ ಕೂತ. ಕೆನಡಾದವನು ನಗುತ್ತಲೇ ತಲೆ ಅಡ್ಡಡ್ಡ ಆಡಿಸಿದ. ನಗು ಇಳಿಯುತ್ತ ಮುಖ ಸಣ್ಣದಾಯಿತು. ಆದರೂ ಕೈ ನಿಲ್ಲಿಸಲಿಲ್ಲ.

ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಎದುರಿಗೆ ಹೊಲದಾಚೆ ನನ್ನ ಶೆಡ್ಡು ಕಾಣುತ್ತಿತ್ತು. ಇಷ್ಟು ದಿನ ಅಲ್ಲಿ ಕೂತು ಕೇಳಿದ್ದನ್ನು ಮೊದಲ ಸಲ ಹತ್ತಿರದಿಂದ ಕೇಳುತ್ತಿದ್ದೆ, ನಡುಕದ ಸಮೇತ. ಹಲಸಿನ ಹಲಗೆಯ ಮೇಲೆ ಧಪ್ಪ-ಟ, ಧಪ್ಪ-ಟ. ನಾನು ಯಾವತ್ತೂ ಕುಣಿದವನಲ್ಲ. ನನ್ನ ಮದುವೆಯಲ್ಲೂ ಕುಣಿದಿಲ್ಲ. ಯಾವಾಗ ಎದ್ದೆನೋ ಗೊತ್ತಿಲ್ಲ. ಬರಿಗಾಲಲ್ಲಿ ವರಾಂಡದ ನೆಲದ ಮೇಲೆ ನಿಂತಿದ್ದೆ. ಬಲಗಾಲು ಉದ್ದಕ್ಕೆ, ಎಡಗಾಲು ಗಿಡ್ಡಕ್ಕೆ. ಒಲೆಯಿಂದ ಹಂಡೆಗೆ, ಹಂಡೆಯಿಂದ ಬಾಗಿಲಿಗೆ. ಬಾಗಿಲಿನಲ್ಲಿ ಆ ಒಂದು ಎಣಿಕೆ ತಡೆದು ಮತ್ತೆ ಒಳಕ್ಕೆ. ಕೈಗಳು ಪಕ್ಕಕ್ಕೆ ಬಿದ್ದಿದ್ದವು, ಏನು ಮಾಡಬೇಕೆಂದು ಅವಕ್ಕೆ ತಿಳಿಯಲಿಲ್ಲ. ಡ್ರೈವರ್ ಸೌಟು ಕೆಳಗಿಟ್ಟ. ಕೆನಡಾದವನು ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದ. ಎಷ್ಟು ಸುತ್ತು ನುಡಿಸಿದನೋ ಲೆಕ್ಕವಿಲ್ಲ.

ನಿಂತ ಮೇಲೆ ಅವನು ನೆಲದ ಮೇಲಿದ್ದ ತಿರುಪುಳಿಯನ್ನು ಎತ್ತಿ ನನ್ನ ಕೈಗೆ ಕೊಟ್ಟ. ನಾನು ಮುಚ್ಚಳಕ್ಕೆ ಮೊಳೆ ಹಾಕಿದೆ.

“ಎಲ್ಲಿ ಕಲ್ತೆ ಅಂತ ಕೇಳ್ತಾವ್ನೆ” ಎಂದ ಡ್ರೈವರ್.

“ಮನೇಲಿ ಅಂತ ಹೇಳು.”

ಅವತ್ತು ಸಂಜೆ ಕೋಣೆಗೆ ಬಂದು ಟ್ರಂಕು ಇಳಿಸಿದೆ. ಅವಳ ಸೀರೆಗಳ ಕೆಳಗೆ ಆ ಚಪ್ಪಲಿ ಇತ್ತು. ಅವಳು ಹೋದ ಮೇಲೆ ನಾನೇ ಸುತ್ತಿಟ್ಟದ್ದು, ಮತ್ತೆ ಬಿಚ್ಚಿ ನೋಡಿರಲಿಲ್ಲ. ಎಡಗಾಲಿನದನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ನಾನು ಉಳಿಯಿಂದ ಕೊರೆದ ಅಡ್ಡಗೆರೆಗಳು ಕೊರೆದ ದಿನ ಹೇಗಿದ್ದವೋ ಹಾಗೇ ಇದ್ದವು. ನಾಲ್ಕು ವರ್ಷ ತುಳಿದಿದ್ದರೆ ಆ ಹಗುರ ಮರದಲ್ಲಿ ಒಂದು ಗೆರೆಯೂ ಉಳಿಯುತ್ತಿರಲಿಲ್ಲ. ದಿನವೂ ನನ್ನ ಕಣ್ಣೆದುರು ಹಾಕಿಕೊಂಡು ಬಾಗಿಲು ದಾಟುತ್ತಿದ್ದಳು. ಬೀದಿಯ ತಿರುವು ದಾಟಿದ ಮೇಲೆ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು ಎಂದು ಕಾಣುತ್ತದೆ. ಅವಳನ್ನೂ ನಾನು ಒಂದು ಮಾತು ಕೇಳಿರಲಿಲ್ಲ. ರೀಡಾಗಿದ್ದರೆ ತುದಿ ಕೆರೆದು ನೋಡಬಹುದಿತ್ತು.

ಕೆನಡಾದವನು ಬುಧವಾರ ಹೊರಟ. ಜೀಪು ಶೆಡ್ಡಿನ ಮುಂದೆ ನಿಲ್ಲಿಸಿ ಹಲಗೆಯನ್ನು ಇಳಿಸಿಕೊಟ್ಟ. ವಿಮಾನದಲ್ಲಿ ಹಿಡಿಯುವುದಿಲ್ಲವಂತೆ. ಕೈ ಹಿಡಿದು ತನ್ನ ಭಾಷೆಯಲ್ಲಿ ಏನೋ ಹೇಳಿದ. ಡ್ರೈವರಿಗೂ ಅದು ಗೊತ್ತಾಗಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಕಾಗದ ಬರಲಿಲ್ಲ. ಇಬ್ಬರಿಗೂ ಬರೆಯುವ ಅಭ್ಯಾಸ ಇಲ್ಲವಲ್ಲ.

ಎಂಬತ್ತರ ದಶಕದಲ್ಲಿ ರಾಗಿ ಹೊಲ ಹೋಗಿ ಅಲ್ಲಿ ಫ್ಯಾಕ್ಟರಿಯವರ ಮನೆಗಳ ಸಾಲು ಬಂತು. ಯಾರಾದರೂ ಹಾರ್ಮೋನಿಯಂ ತಂದರೆ ನಾನು ಮೊದಲು, “ಇದು ಮೊದ್ಲಿಂದ ಹಿಂಗೇ ಇತ್ತಾ?” ಎಂದು ಕೇಳುತ್ತೇನೆ. “ಮುದುಕನಿಗೆ ಕೈ ನಿಂತೋಯ್ತು, ಅದಕ್ಕೇ ಕೇಳ್ತಾನೆ” ಎಂದು ಭಜನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಹಲಗೆ ಕೋಣೆಯಲ್ಲಿದೆ. ಬೂಟಿನ ಹಿಮ್ಮಡಿ ಬಿದ್ದ ಎರಡು ಗುಳಿ ಅದರಲ್ಲಿ ಹಾಗೇ ಇವೆ. ಸಂಜೆ ಎಸರಿಟ್ಟು, ಅದು ಕಾಯುವವರೆಗೆ ಅದರ ಮೇಲೆ ಬರಿಗಾಲಿಟ್ಟು ಕೂರುತ್ತೇನೆ. ಬಲಗಾಲು, ಎಡಗಾಲು. ಅವಳು ಬಾಗಿಲ ಹತ್ತಿರ ಬಂದಾಗ ಒಂದು ಎಣಿಕೆ ತಡೆಯುತ್ತೇನೆ.